ಹೊಗೆ ಬಂತೆಂದು ಬೀಟಲ್ ಇಂಜಿನ್ ಇಳಿಸುವ ಮೊದಲು

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ನೀಲಿ ಹೊಗೆ ಬಿಟ್ಟ ಕೂಡಲೇ ಕಾಸರಗೋಡು ಕಡೆಯ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ತೀರ್ಪು ಒಂದೇ: ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಹೋಗಿದೆ, ಇಂಜಿನ್ ಇಳಿಸಬೇಕು. ರೇಡಿಯೇಟರ್ ಇರುವ, ನೆಟ್ಟಗೆ ನಿಂತ ಇಂಜಿನ್ನುಗಳಲ್ಲಿ ಕೈ ಪಳಗಿದವರಿಗೆ ಹಾಗನ್ನಿಸುವುದು ಸಹಜ. ಬೀಟಲ್‌ನಲ್ಲಿ ನಾಲ್ಕು ಸಿಲಿಂಡರುಗಳೂ ಅಡ್ಡ ಮಲಗಿವೆ, ಎರಡು ಬಲಕ್ಕೆ, ಎರಡು ಎಡಕ್ಕೆ. ಇಂಜಿನ್ ತಂಪಾಗಿಡಲು ಇರುವುದು ಫ್ಯಾನಿನ ಗಾಳಿ ಮತ್ತು ಎರಡೂವರೆ ಲೀಟರ್ ಆಯಿಲ್, ಅಷ್ಟೇ. ಹೊಗೆ ಎಲ್ಲಿಂದ ಬರುತ್ತಿದೆ, ಯಾವ ಹೊತ್ತಿನಲ್ಲಿ ಬರುತ್ತಿದೆ ಎಂಬ ಎರಡು ಸಂಗತಿ ಖಚಿತವಾಗುವ ತನಕ ಸ್ಪ್ಯಾನರ್ ಮುಟ್ಟುವುದು ಬೇಡ.

ಮೊದಲು ಎಲ್ಲಿಂದ ಎಂಬುದು. ಕಾರು ಬಿಸಿಯಾದ ಮೇಲೆ ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ಸೈಲೆನ್ಸರ್ ಕೊಳವೆಯ ಬಾಯಿಯಿಂದ ಬರುವ ಹೊಗೆಯೇ ಬೇರೆ, ಇಂಜಿನ್ನಿನ ಅಡಿಯಿಂದ, ಬದಿಗಳಿಂದ ಏಳುವ ಹೊಗೆಯೇ ಬೇರೆ. ಎರಡನೆಯದು ಸೋರಿದ ಆಯಿಲ್, ಕಾರಿನೊಳಗೆ ಬಿಸಿಗಾಳಿ ಕಳಿಸುವ ಹೀಟ್ ಎಕ್ಸ್‌ಚೇಂಜರ್ ಮೇಲೆ ಬಿದ್ದು ಸುಡುವ ಹೊಗೆ. ಇದಕ್ಕೂ ರಿಂಗಿಗೂ ಸಂಬಂಧವಿಲ್ಲ. ಕಾರಿನೊಳಗೆ ಸುಟ್ಟ ಆಯಿಲ್ ವಾಸನೆ ಬರುತ್ತಿದ್ದರೆ ಬಹುಪಾಲು ಇದೇ ಕಾರಣ.

ಹೊಗೆ ಸೈಲೆನ್ಸರಿನಿಂದಲೇ ಬರುತ್ತಿದ್ದರೆ ಯಾವಾಗ ಎಂದು ಗಮನಿಸಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ದೊಡ್ಡ ನೀಲಿ ಮೋಡ ಎದ್ದು, ಒಂದೆರಡು ನಿಮಿಷದಲ್ಲಿ ಪೂರ್ತಿ ನಿಂತರೆ, ಕಾರು ನಿಲ್ಲಿಸಿದ ಜಾಗ ನೋಡಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಎಷ್ಟೋ ಮನೆಗಳ ಅಂಗಳ ಗುಡ್ಡ ಕಡಿದು ಮಾಡಿದ್ದು, ಒಂದು ಬದಿಗೆ ಇಳಿಜಾರು. ಕಾರು ಎಡಕ್ಕೆ ವಾಲಿ ನಿಂತರೆ ಆಯಿಲ್ ರಾತ್ರಿಯಿಡೀ 3 ಮತ್ತು 4ನೇ ಸಿಲಿಂಡರುಗಳ ಕಡೆ ಹರಿದು, ರಿಂಗಿನ ಸಂದುಗಳಿಂದ ಜಿನುಗಿ ಒಳಗೆ ನಿಲ್ಲುತ್ತದೆ. ಬೆಳಿಗ್ಗೆ ಸುಡುವುದು ಅದೇ. ನಾಲ್ಕು ದಿನ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನೋಡಿ. ಹೊಗೆ ಕಡಿಮೆಯಾದರೆ ಇಂಜಿನ್ ಬಿಚ್ಚುವ ಮಾತೇ ಬೇಡ.

ಓಡುವಾಗ ಬರುವ ನೀಲಿ ಹೊಗೆಯನ್ನು ಪತ್ತೆ ಮಾಡಲು ಘಾಟಿಗಿಂತ ಒಳ್ಳೆಯ ಜಾಗವಿಲ್ಲ. ಭಾಗಮಂಡಲದಿಂದ ಪಾಣತ್ತೂರಿಗೆ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ಒಂದಷ್ಟು ದೂರ ಇಳಿದು, ಮತ್ತೆ ಒತ್ತಿದ ಕ್ಷಣದಲ್ಲಿ ಹೊಗೆ ಉಗುಳಿದರೆ ವಾಲ್ವ್ ಗೈಡ್, ಅಂದರೆ ವಾಲ್ವಿನ ಕಡ್ಡಿ ಆಡುವ ಕೊಳವೆ, ಸವೆದಿದೆ. ಆಕ್ಸಿಲರೇಟರ್ ಬಿಟ್ಟಾಗ ಸಿಲಿಂಡರಿಗೆ ಗಾಳಿ, ಪೆಟ್ರೋಲ್ ಒಯ್ಯುವ ಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಏರಿ, ಗೈಡಿನ ಸಂದಿನಿಂದ ಆಯಿಲ್ಲನ್ನು ಎಳೆದುಕೊಳ್ಳುತ್ತದೆ. ಈ ಇಂಜಿನ್ನಿನ ವಾಲ್ವುಗಳಿಗೆ ಆಯಿಲ್ ತಡೆಯುವ ಸ್ಟೆಮ್ ಸೀಲ್ ಇಲ್ಲ, ಆದ್ದರಿಂದ ಗೈಡಿನ ಬಿಗಿತವೇ ಎಲ್ಲ. ಹೆಡ್ ಬಿಚ್ಚಿದಾಗ ಗೈಡಿನಲ್ಲಿ ಹೊಸ ವಾಲ್ವ್ ಇಟ್ಟು ಆಡಿಸಿ ಡಯಲ್ ಗೇಜಿನಲ್ಲಿ ಅಳೆಯಿರಿ, 0.8 ಮಿ.ಮೀ. ದಾಟಿದರೆ ಗೈಡ್ ಬದಲಿಸಲೇಬೇಕು. ಇಳಿಯುವಾಗ ಹೊಗೆಯಿಲ್ಲದೆ, ಏರು ಹತ್ತುವಾಗ ಒಂದೇ ಸಮ ಹೊಗೆ ಬಿಟ್ಟರೆ ಮಾತ್ರ ರಿಂಗ್ ಮತ್ತು ಬೋರ್ (ಸಿಲಿಂಡರಿನ ಒಳಗೋಡೆ) ಮೇಲೆ ಸಂಶಯ ಪಡಬೇಕು.

ಆಗಲೂ ಎರಡು ಸಣ್ಣ ಪರೀಕ್ಷೆ ಬಾಕಿ ಇವೆ. ಒಂದು, ಏರ್ ಕ್ಲೀನರ್. ಆಯಿಲ್ ತುಂಬಿಡುವ ಬಗೆಯ ಏರ್ ಕ್ಲೀನರ್ ಇದ್ದರೆ ಅದರಲ್ಲಿ ಗುರುತಿಗಿಂತ ಹೆಚ್ಚು ಆಯಿಲ್ ಇರಬಾರದು. ಸರ್ವಿಸ್ ಮಾಡುವವರು ಉದಾರವಾಗಿ ತುಂಬಿದರೆ, ಅಥವಾ ಬಿಚ್ಚುವಾಗ ಓರೆ ಮಾಡಿದರೆ, ಆ ಆಯಿಲ್ ಕಾರ್ಬುರೇಟರಿನೊಳಗೆ ಹೋಗಿ ನೀಲಿ ಹೊಗೆಯಾಗುತ್ತದೆ. ಇನ್ನೊಂದು, ಇಂಜಿನ್ನಿನೊಳಗಿನ ಆವಿ ಹೊರಬಿಡುವ ಬ್ರೀದರ್ ಹೋಸ್. ಆಯಿಲ್ ಹಾಕುವ ಕತ್ತಿನಿಂದ ಏರ್ ಕ್ಲೀನರಿಗೆ ಹೋಗುವ ಹೋಸನ್ನು ಕಳಚಿ, ತುದಿಯನ್ನು ಬಾಯಿ ತೆರೆದ ಪ್ಲಾಸ್ಟಿಕ್ ಬಾಟ್ಲಿಗೆ ಇಳಿಬಿಟ್ಟು, ಬಾಟ್ಲಿಯನ್ನು ಬೆಲ್ಟಿಗೆ ತಾಗದಂತೆ ಕಟ್ಟಿ ಹತ್ತು ಕಿಲೋಮೀಟರ್ ಓಡಿಸಿ. ಹೊಗೆ ನಿಂತು ಬಾಟ್ಲಿಯಲ್ಲಿ ಆಯಿಲ್ ಸಿಕ್ಕಿದರೆ ಅದು ಬ್ರೀದರ್ ದಾರಿಯಲ್ಲೇ ಹೋಗುತ್ತಿತ್ತು ಎಂದರ್ಥ. ಡಿಪ್‌ಸ್ಟಿಕ್ಕಿನ ಮೇಲಿನ ಗೀಟು ದಾಟಿ ಆಯಿಲ್ ತುಂಬಿದ್ದರೂ ಹೀಗಾಗುತ್ತದೆ. ಎರಡು ಗೀಟುಗಳ ನಡುವೆ ಹಿಡಿಸುವುದು ಸುಮಾರು ಒಂದು ಲೀಟರ್ ಮಾತ್ರ.

ಇಷ್ಟಾದ ಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಗೇಜಿನಲ್ಲಿ ಅಳೆಯಬೇಕು. ಇಂಜಿನ್ ಬಿಸಿ ಇರಲಿ, ನಾಲ್ಕೂ ಪ್ಲಗ್ ಹೊರಗಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿರಲಿ. 1300, 1600 ಸಿಸಿ ಇಂಜಿನ್ನುಗಳಲ್ಲಿ 100ರಿಂದ 130 ಪಿಎಸ್‌ಐ ಬಂದರೆ ಚೆನ್ನಾಗಿದೆ. ಮೊತ್ತಕ್ಕಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. 25 ಪಿಎಸ್‌ಐ ಮೀರಿದರೆ ಕಡಿಮೆ ಇರುವುದರಲ್ಲಿ ತೊಂದರೆ ಇದೆ. ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯುವ ಪದ್ಧತಿಯನ್ನು ಇಲ್ಲಿ ನಂಬಬೇಡಿ. ಮಲಗಿದ ಸಿಲಿಂಡರಿನಲ್ಲಿ ಆಯಿಲ್ ಕೆಳಬದಿಯಲ್ಲೇ ನಿಲ್ಲುತ್ತದೆ, ರಿಂಗಿನ ಸುತ್ತ ಹರಡುವುದಿಲ್ಲ. ಇದಕ್ಕಿಂತ ಪಿಸ್ಟನನ್ನು ಕಂಪ್ರೆಷನ್ನಿನ ತುತ್ತತುದಿಗೆ ತಂದು, ಗೇರ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು ಕಿವಿ ಕೊಡುವುದು ಮೇಲು. ಸುಂಯ್ ಸದ್ದು ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರಿನಲ್ಲಿ ಕೇಳಿದರೆ ಇನ್‌ಲೆಟ್ ವಾಲ್ವ್, ಆಯಿಲ್ ಮುಚ್ಚಳ ತೆಗೆದಲ್ಲಿ ಕೇಳಿದರೆ ರಿಂಗ್. ಈ ಕೊನೆಯದು ಜೋರಾಗಿ ಕೇಳಿದಾಗ ಮಾತ್ರ ರಿಂಗಿಗಾಗಿ ಇಂಜಿನ್ ಇಳಿಸುವ ನಿರ್ಧಾರಕ್ಕೆ ಬರಬಹುದು.

ಎಕ್ಸಾಸ್ಟ್ ವಾಲ್ವ್ ಎಂದಾಗ 3ನೇ ಸಿಲಿಂಡರಿನ ಮಾತು ಹೇಳಲೇಬೇಕು. 1970ರವರೆಗಿನ ಇಂಜಿನ್ನುಗಳಲ್ಲಿ ಆಯಿಲ್ ಕೂಲರ್ ಫ್ಯಾನ್ ಕವಚದೊಳಗೆ ಇದಕ್ಕೆ ಹೋಗುವ ಗಾಳಿಗೆ ಅಡ್ಡ ನಿಂತಿದೆ, ಹಾಗಾಗಿ ಹೆಚ್ಚು ಬಿಸಿಯಾಗುವುದು ಇದೇ. ಟ್ಯಾಪೆಟ್ ಸಂದು (ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಬಿಡುವು) ಇಂಜಿನ್ ತಣ್ಣಗಿರುವಾಗ 0.15 ಮಿ.ಮೀ. ಇರಬೇಕು. ಇಲ್ಲಿನ ಎಕ್ಸಾಸ್ಟ್ ವಾಲ್ವಿನ ಸಂದು ಮಾತ್ರ ಪದೇಪದೇ ಬಿಗಿಯಾಗುತ್ತಿದ್ದರೆ ಮತ್ತೆ ಮತ್ತೆ ಸಡಿಲಿಸಿ ಓಡಿಸಬೇಡಿ. ವಾಲ್ವಿನ ಕಡ್ಡಿ ಉದ್ದವಾಗುತ್ತಿದೆ. ತುಂಡಾಗಿ ಒಳಗೆ ಬಿದ್ದರೆ ಪಿಸ್ಟನ್, ಹೆಡ್ ಎರಡೂ ಹೋದಂತೆ.

ಕಪ್ಪು ಹೊಗೆ ಪೆಟ್ರೋಲಿನದು, ಆಯಿಲ್ಲಿನದಲ್ಲ. ಆಟೋಮ್ಯಾಟಿಕ್ ಚೋಕಿನ ವಯರ್ ಕಳಚಿದೆಯೇ, ಕಾರ್ಬುರೇಟರಿನ ಫ್ಲೋಟಿನ ಸೂಜಿ ಸಿಕ್ಕಿಕೊಂಡಿದೆಯೇ ನೋಡಿದರೆ ಸಾಕು. ಆದರೆ ಡಿಪ್‌ಸ್ಟಿಕ್ ಮೂಸಿ ನೋಡುವುದನ್ನು ಮರೆಯಬೇಡಿ. ಆಯಿಲ್ ಮಟ್ಟ ತಾನಾಗಿ ಏರಿ ಪೆಟ್ರೋಲ್ ವಾಸನೆ ಬಂದರೆ, ಮೊದಲ ಸಂಶಯ ಫ್ಯೂಯಲ್ ಪಂಪಿನ ಡಯಾಫ್ರಮ್ ಹರಿದದ್ದರ ಮೇಲೆ. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ಕಾಲದ ರಬ್ಬರ್ ತಡೆಯುವುದಿಲ್ಲ. ಅಂಥ ಆಯಿಲ್ಲಿನಲ್ಲಿ ಒಂದು ಮೈಲಿಯೂ ಓಡಿಸಬಾರದು, ಬೇರಿಂಗ್ ಉಳಿಯುವುದಿಲ್ಲ.

ಬಿಳಿ ಹೊಗೆಗೆ ಮಳೆಗಾಲದಲ್ಲಿ ಹೆದರುವುದು ಬೇಡ. ಆಟಿ ತಿಂಗಳಲ್ಲಿ ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನ ಆಯಿಲ್ ಮುಚ್ಚಳದೊಳಗೆ ಬೆಣ್ಣೆಯಂಥ ಬಿಳಿ ಪಸೆ ಕಟ್ಟುತ್ತದೆ. ಬೇರೆ ಕಾರಿನಲ್ಲಾದರೆ ಹೆಡ್ ಪ್ಯಾಕಿಂಗ್ ಹೋಗಿದೆ ಎನ್ನುತ್ತಾರೆ; ಇಲ್ಲಿ ನೀರೇ ಇಲ್ಲ, ಅದು ಗಾಳಿಯ ತೇವ. ಕಾಸರಗೋಡಿನಿಂದ ಮಂಗಳೂರಿಗೆ ಒಮ್ಮೆ ನಿಲ್ಲಿಸದೆ ಓಡಿಸಿದರೆ ಆಯಿಲ್ ಕಾದು ಆ ತೇವ ಆರುತ್ತದೆ.

ಇನ್ನು ಸೋರಿಕೆ. ಇಂಜಿನ್ ತಣ್ಣಗಿರುವಾಗ ಅಡಿಭಾಗವನ್ನು ಸೀಮೆಎಣ್ಣೆ ಮತ್ತು ಬ್ರಶ್ಶಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಸ್ವಲ್ಪ ದೂರ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಪೌಡರ್ ಒದ್ದೆಯಾದ ಅತಿ ಮೇಲಿನ, ಅತಿ ಮುಂದಿನ ಜಾಗವೇ ಮೂಲ. ಗಾಳಿ ಆಯಿಲ್ಲನ್ನು ಹಿಂದಕ್ಕೆ ಹರಡುತ್ತದೆ. ರಾಕರ್ ಕವರಿನ ಅಂಚು ಒದ್ದೆಯಿದ್ದರೆ ಕಾರ್ಕ್ ಪ್ಯಾಕಿಂಗ್ ಬದಲಿಸಿ, ಕವರಿನ ಬದಿಗೆ ಮಾತ್ರ ಅಂಟು ಹಚ್ಚಿ. ವಾಲ್ವ್ ತಳ್ಳುವ ಕಡ್ಡಿಗಳಿರುವ ಎಂಟು ಪುಶ್‌ರಾಡ್ ಟ್ಯೂಬುಗಳ ತುದಿ ಸೋರುವುದು ಅತಿ ಸಾಮಾನ್ಯ, ಇದಕ್ಕೆ ಹೆಡ್ ತೆಗೆಯಬೇಕು. ಮತ್ತೆ ಕೂರಿಸುವಾಗ ಹಳೆಯ ಟ್ಯೂಬುಗಳ ಮಡಿಕೆಗಳನ್ನು ನಿಧಾನವಾಗಿ ಎಳೆದು 190ರಿಂದ 191 ಮಿ.ಮೀ.ಗೆ ತನ್ನಿ, ಬೆಸುಗೆ ಗೀಟು ಮೇಲ್ಮುಖವಾಗಿರಲಿ. ಎಳೆಯದೆ ಹಾಗೆಯೇ ಹಾಕಿದರೆ ಹೊಸ ಸೀಲಿನ ಮೇಲೂ ಒತ್ತಡ ಬೀಳುವುದಿಲ್ಲ, ವಾರದಲ್ಲಿ ಮತ್ತೆ ಸೋರುತ್ತದೆ. ಅಡಿಯ ಜಾಲರಿ ಪ್ಲೇಟಿನ ಆರು ನಟ್ಟುಗಳಿಗೆ 7 ನ್ಯೂಟನ್ ಮೀಟರ್ ಸಾಕು; ಸೋರುತ್ತದೆಂದು ಇನ್ನಷ್ಟು ಬಿಗಿದರೆ ಸ್ಟಡ್ಡೇ ಕಿತ್ತು ಬರುತ್ತದೆ. ಪುಲ್ಲಿಯ ಹಿಂದೆ ಸೀಲ್ ಇಲ್ಲ, ಆಯಿಲ್ಲನ್ನು ಹಿಂದಕ್ಕೆ ತಿರುಗಿಸುವ ಮರೆಗಳಿವೆ ಮಾತ್ರ. ಅಲ್ಲಿ ಸೋರಿದರೆ ಆಯಿಲ್ ಮಟ್ಟ ಮತ್ತು ಬ್ರೀದರ್ ಮತ್ತೆ ನೋಡಿ.

ಅಡಿಕೆ ತೋಟದ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಾದರೆ ಫ್ಯಾನ್ ಕವಚದೊಳಗೆ ಇಲಿ ಗೂಡು ಇದೆಯೇ ಎಂದು ಸ್ಟಾರ್ಟ್ ಮಾಡುವ ಮೊದಲೇ ನೋಡಬೇಕು. ಒಣ ಎಲೆ, ನಾರು ಸೇರಿ ಸಿಲಿಂಡರಿನ ರೆಕ್ಕೆಗಳ ನಡುವೆ ಅಡ್ಡವಾದರೆ ಗಾಳಿ ಸಾಗದೆ ಆಯಿಲ್ ಕಾದು ತೆಳ್ಳಗಾಗುತ್ತದೆ, ಐಡ್ಲಿಂಗಿನಲ್ಲಿ ಆಯಿಲ್ ದೀಪ ಮಿಣುಕುತ್ತದೆ, ಎಲ್ಲ ಸೀಲುಗಳಲ್ಲೂ ಜಿನುಗಲು ಶುರುವಾಗುತ್ತದೆ. ಇಂಜಿನ್ ಸುತ್ತಲಿನ ರಬ್ಬರ್ ಪಟ್ಟಿ ಕಳೆದುಹೋಗಿದ್ದರೂ ಫಲ ಹೆಚ್ಚುಕಡಿಮೆ ಇದೇ: ಕೆಳಗಿನ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳುತ್ತದೆ.

ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ಹನಿ ಕಂಡರೆ ಬೆರಳಿಗೆ ಹಚ್ಚಿ ಮೂಸಿ. ಗಂಧಕದ ಘಾಟು, ದಪ್ಪ ಅಂಟು ಇದ್ದರೆ ಗೇರ್ ಆಯಿಲ್, ಗೇರ್‌ಬಾಕ್ಸಿನ ಸೀಲ್ ಹೋಗಿದೆ. ತೆಳ್ಳಗೆ ಕಪ್ಪಗಿದ್ದರೆ ಹೆಚ್ಚಾಗಿ ಫ್ಲೈವೀಲ್ ಸೀಲ್. ಎರಡಕ್ಕೂ ಇಂಜಿನ್ ಇಳಿಸಲೇಬೇಕು. ಇಳಿಸಿದ ಮೇಲೆ ಸೀಲ್ ಮಾತ್ರ ಹಾಕಿ ಮುಗಿಸಬೇಡಿ, ಕ್ರ್ಯಾಂಕ್ ಹಿಂದೆಮುಂದೆ ಆಡುವುದನ್ನು ಅಳೆಯಿರಿ: 0.07ರಿಂದ 0.13 ಮಿ.ಮೀ. ಒಳಗಿರಬೇಕು. ಸರಿಪಡಿಸುವುದು ಶಿಮ್ ಎಂಬ ತೆಳು ಲೋಹದ ಬಳೆಗಳಿಂದ, ಯಾವಾಗಲೂ ಮೂರು ಶಿಮ್. ಇದು 0.15 ದಾಟಿದ್ದರೆ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ಕೆಲವೇ ತಿಂಗಳಲ್ಲಿ ಆಯಿಲ್ ಕ್ಲಚ್ ಪ್ಲೇಟಿಗೆ ಬರುತ್ತದೆ.