‘ತಡಿ’ ಅಂದದ್ದು ಯಾರಿಗೆ: ಎಂಬಾಟ್ ಜೊತೆ ಮೂರು ಭಾನುವಾರ

ಮೊದಲ ಭಾನುವಾರ

ಆರನೇ ಕ್ಲಾಸು ಮುಗಿಸಿದ ಅಕ್ಕನ ಮಗಳು ರಜೆಗೆ ರಾಯಚೂರಿಗೆ ಬಂದಿದ್ದಾಳೆ. ನನ್ನ ಹತ್ತಿರ ಎಂಬಾಟ್ ಅನ್ನುವ ಗಾಲಿಯ ಪುಟ್ಟ ರೋಬೋಟ್ ಗಾಡಿ ಇದೆ. ಅದಕ್ಕೆ ಎಂಬ್ಲಾಕ್ 5 ಅನ್ನುವ ಸಾಫ್ಟ್‌ವೇರಿನಲ್ಲಿ ಪ್ರೋಗ್ರಾಂ ಬರೆಯಲು ಇಬ್ಬರೂ ಕುಳಿತೆವು. ಆ ಸಾಫ್ಟ್‌ವೇರು ಸ್ಕ್ರ್ಯಾಚ್ 3ರ ಮೇಲೆಯೇ ಕಟ್ಟಿದ್ದು. ಸ್ಕ್ರ್ಯಾಚ್ ಅಂದರೆ ಅಪ್ಪಣೆಯ ಬ್ಲಾಕುಗಳನ್ನು ಒಂದರ ಕೆಳಗೊಂದು ಜೋಡಿಸಿ ಮಕ್ಕಳು ಪ್ರೋಗ್ರಾಂ ಬರೆಯುವ ಭಾಷೆ. ಶಾಲೆಯಲ್ಲಿ ಸ್ಕ್ರ್ಯಾಚ್ ಬೆಕ್ಕನ್ನು ಓಡಾಡಿಸಿದವಳಿಗೆ ಬ್ಲಾಕ್ ಜೋಡಿಸುವುದು ಹೊಸದಲ್ಲ.

ಮೇಲೆ ‘50% ಪವರ್‌ನಲ್ಲಿ ಮುಂದೆ ಹೋಗು’, ಅದರ ಕೆಳಗೆ ‘ನಿಲ್ಲು’. ಚಾಲೂ ಮಾಡಿದರೆ ಗಾಡಿ ಅಲ್ಲಾಡಲೇ ಇಲ್ಲ.

“ಮಾಮಾ, ಓಡವಲ್ದಲ್ಲ! ಸೆಲ್ ಸತ್ತಾವೇನು?”

ಸೆಲ್ ಚೆನ್ನಾಗಿಯೇ ಇದ್ದವು. ‘ಹೋಗು’ ಅಂದ ಮರುಕ್ಷಣವೇ ‘ನಿಲ್ಲು’ ಅಂದರೆ ಮೋಟರಿಗೆ ತಿರುಗಲು ಪುರಸೊತ್ತೆಲ್ಲಿ? ನಡುವೆ ‘ವೇಟ್ 2 ಸೆಕೆಂಡ್ಸ್’ ಇಡು ಅಂದೆ. ಅವಳು ಒಪ್ಪಲಿಲ್ಲ.

“ವೇಟ್ ಅಂದ್ರ ನಿಂದರು ಅಂತ ಅಲ್ಲೇನು? ಓಡ್ಬೇಕಾದ್ರ ನಿಂದರು ಅಂತ ಯಾಕ ಹೇಳ್ಬೇಕು?”

ಇದಕ್ಕೆ ಬಾಯಲ್ಲಿ ಉತ್ತರ ಹೇಳುವ ಬದಲು ಆಟ ಆಡಿಸಿದೆ. ನಾನು ಮೋಟರು, ಅವಳು ‘ನಿಲ್ಲು’ ಬ್ಲಾಕು. ನಾನು ನಡೆಯಲು ಶುರು ಮಾಡಿದ ಮೇಲೆ ಅವಳು ಬಾಯಿ ಮುಚ್ಚಿಕೊಂಡು ಎರಡು ಎಣಿಸಬೇಕು, ಆಮೇಲೆ ‘ನಿಂದರು’ ಅನ್ನಬೇಕು. ಎಣಿಸುವಷ್ಟು ಹೊತ್ತು ನಾನು ನಡೆದೇ ಇದ್ದೆ. ಮೂರನೇ ಸಲಕ್ಕೆ ಅವಳೇ ಹೇಳಿದಳು: “ಓ, ತಡಿ ಅಂದದ್ದು ಗಾಡಿಗಲ್ಲ, ಕೆಳಗಿನ ಬ್ಲಾಕಿಗೆ!” ಹೌದು. ಮೋಟರು ಕೊನೆಯ ಅಪ್ಪಣೆಯನ್ನೇ ಹಿಡಿದುಕೊಂಡು ತಿರುಗುತ್ತಿರುತ್ತದೆ, ತಡೆದು ನಿಲ್ಲುವುದು ಪ್ರೋಗ್ರಾಂ. ಮಕ್ಕಳಿಗೆ ಕಲಿಸುವವರು ‘ವೇಟ್’ ಅಂದರೆ ಕಾಯುವುದು ಅಂತ ಅರ್ಥ ಹೇಳಿ ಮುಂದೆ ಹೋಗಬಾರದು, ಯಾರು ಕಾಯುತ್ತಾರೆ ಅನ್ನುವುದನ್ನೂ ಹೇಳಬೇಕು.

ಎರಡನೇ ಭಾನುವಾರ

ಗೋಡೆಯ ಹತ್ತಿರ ಹೋಗಿ ನಿಲ್ಲಿಸುವುದು ಗುರಿ. ಅವಳು ಸೆಕೆಂಡುಗಳನ್ನು ತಿದ್ದುತ್ತಾ 3.4ಕ್ಕೆ ಸರಿಯಾಗಿ ತಂದಳು. ಸಂಜೆಗೆ ಅದೇ ಪ್ರೋಗ್ರಾಂ ಗೋಡೆಗೆ ಒಂದು ಗೇಣು ಮೊದಲೇ ನಿಂತಿತು. ಮಧ್ಯಾಹ್ನ ನಾನು ಮಾಮೂಲಿ ಸೆಲ್ ತೆಗೆದು ಚಾರ್ಜ್ ಮಾಡುವ ಸೆಲ್ ಹಾಕಿದ್ದೆ. ಮಾಮೂಲಿ ಹೊಸ ಸೆಲ್ 1.5 ವೋಲ್ಟ್, ನಾಲ್ಕಕ್ಕೆ 6. ಚಾರ್ಜ್ ಮಾಡುವ ಸೆಲ್ 1.2, ನಾಲ್ಕಕ್ಕೆ 4.8. ಗಾಲಿ ನಿಧಾನ ತಿರುಗಿತು, ಸೆಕೆಂಡು ಮಾತ್ರ ಅಷ್ಟೇ ಇತ್ತು. ಪಡಸಾಲೆಯ ಶಹಾಬಾದ್ ಪರಸಿಯದೂ ಒಂದು ಕಥೆ: ಕಲ್ಲಿನ ಸಂದಿಗೆ ಗಾಲಿ ಬಿದ್ದರೆ ಅಲ್ಲೊಂದು ಜರ್ಕು, ಗಾಡಿ ಓರೆ. ಈ ಎಂಬಾಟ್ ಮೋಟರಿಗೆ ತಾನು ಎಷ್ಟು ಸುತ್ತು ತಿರುಗಿದೆ ಅನ್ನುವ ಲೆಕ್ಕವಿಲ್ಲ. ಹಾಗಾಗಿ ಸಮಯ ನಂಬಿ ದೂರ ಅಳೆಯುವುದು ಇಲ್ಲಿ ನಡೆಯದ ಮಾತು.

ನಮ್ಮವ್ವ ರೊಟ್ಟಿಗೆ ಗಡಿಯಾರ ನೋಡುವುದಿಲ್ಲ. ಹಂಚಿನ ಮೇಲೆ ಹಾಕಿ ನೀರು ಸವರಿ, ಆ ನೀರು ಆರೋ ತನಕ ತಡೆದು ತಿರುವಿ ಹಾಕುತ್ತಾಳೆ. ಒಲೆ ಜೋರಿದ್ದರೆ ಬೇಗ, ಮಂದವಿದ್ದರೆ ತಡ. ನಮ್ಮ ಹುಡುಗಿಗೆ ಒಲೆಯ ಮುಂದೆಯೇ ಇದನ್ನು ತೋರಿಸಿ, ಸೆಕೆಂಡು ಎಣಿಸದೆ ‘ಇಂಥದ್ದು ಆಗುವ ತನಕ ತಡಿ’ ಅನ್ನುವ ‘ವೇಟ್ ಅಂಟಿಲ್’ ಬ್ಲಾಕ್ ಹೊರಗೆ ತೆಗೆಸಿದೆ.

ಮೂರನೇ ಭಾನುವಾರ

‘ಮುಂದೆ ಹೋಗು’, ‘ವೇಟ್ ಅಂಟಿಲ್: ಅಲ್ಟ್ರಾಸಾನಿಕ್ ದೂರ = 15’, ‘ನಿಲ್ಲು’. ಅಲ್ಟ್ರಾಸಾನಿಕ್ ಅಂದರೆ ಗಾಡಿಯ ಮುಂದಿರುವ ಸೆನ್ಸರು, ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ದೂರವನ್ನು ಸೆಂಟಿಮೀಟರಿನಲ್ಲಿ ಅಳೆಯುತ್ತದೆ. ಗಾಡಿ ಹೋಗಿ ಗೋಡೆಗೆ ಗುದ್ದಿತು. ಮತ್ತೆ ಓಡಿಸಿದರೆ ಮತ್ತೆ ಗುದ್ದಿತು. ಗಾಡಿಯನ್ನು ಕೈಯಲ್ಲಿ ಹಿಡಿದು ನಿಧಾನ ಗೋಡೆಯತ್ತ ಸರಿಸಿ ಪರದೆಯ ಮೇಲಿನ ಅಂಕಿ ಓದಿಸಿದೆ: 16.1, 15.4, 14.7. ಸರಿಯಾಗಿ 15 ಅನ್ನುವುದು ಬರಲೇ ಇಲ್ಲ! ‘=’ ಹೋಗಿ ‘<’ ಬಂತು. ಗಾಡಿ ನಿಂತಿತು. ಹೊಸ ಸೆಲ್, ಹಳೇ ಸೆಲ್, ಪರಸಿ, ಚಾಪೆ, ಎಲ್ಲದರಲ್ಲೂ ನಿಂತಿತು. ಅವಳು ಕುಣಿದಾಡಿದಳು, ನನಗೂ ಅಷ್ಟೇ ಖುಷಿ.

ಲ್ಯಾಪ್‌ಟಾಪಿಗೆ ಜೋಡಿಸಿ ಓಡಿಸುವಾಗ ನಿಲ್ಲುವುದು ತುಸು ತಡವಾಗುತ್ತಿತ್ತು, ಸೆನ್ಸರಿನ ಮಾತು ಹೋಗಿ ಬರಬೇಕಲ್ಲ. ಪ್ರೋಗ್ರಾಂ ಗಾಡಿಯೊಳಗಿನ ಬೋರ್ಡಿಗೇ ಅಪ್‌ಲೋಡ್ ಮಾಡಿದ ಮೇಲೆ ಅದು ಸರಿಹೋಯಿತು.

ಉಳಿದದ್ದು ಮೂಲೆಯಲ್ಲಿ ಒಟ್ಟಿದ ಕೌದಿ. ಮೆತ್ತನೆ ಬಟ್ಟೆ ಶಬ್ದವನ್ನು ನುಂಗುತ್ತದೆ, ಸೆನ್ಸರಿಗೆ ಪ್ರತಿಧ್ವನಿ ಸರಿಯಾಗಿ ವಾಪಸ್ ಬರುವುದಿಲ್ಲ. ಗಾಡಿ ಕೌದಿಗೆ ಮೂತಿ ಇಟ್ಟು ಗಾಲಿ ತಿರುಗಿಸುತ್ತಲೇ ಇರುತ್ತದೆ, ‘ನಿಲ್ಲು’ ಬ್ಲಾಕಿಗೆ ಸರದಿ ಬರುವುದೇ ಇಲ್ಲ. ಅದಕ್ಕೆ ಈಗ ಟೈಮರ್ ಸೇರಿಸಿದ್ದೇವೆ: ಹೊರಡುವ ಮೊದಲು ಟೈಮರ್ ಸೊನ್ನೆ, ಆಮೇಲೆ ‘ದೂರ < 15 ಅಥವಾ ಟೈಮರ್ > 6’ ಆಗುವ ತನಕ ತಡಿ. ಬಿಟ್ಟಿದ್ದ ಸೆಕೆಂಡು ಹೀಗೆ ಕಾವಲಿಗೆ ವಾಪಸ್ ಬಂತು. ಸಂಜೆ ಕೌದಿಯ ಮುಂದೆ ಐದು ಸಲ ಬಿಟ್ಟೆವು, ಐದೂ ಸಲ ಆರು ಸೆಕೆಂಡಿಗೆ ಗಾಲಿ ಸುಮ್ಮನಾಯಿತು. ಮುಂದಿನ ವಾರ ಹಿಂದೆ ಸರಿದು ತಿರುಗುವುದನ್ನು ಬರೆಯಬೇಕು. ಅವಳು ಆಗಲೇ ನೋಟ್‌ಬುಕ್ಕಿನಲ್ಲಿ ಬ್ಲಾಕ್ ಬಿಡಿಸಿದ್ದಾಳೆ, ಪ್ರತಿ ‘ತಡಿ’ಯ ಪಕ್ಕ ಒಂದು ಬಾಣ ಹಾಕಿ ಅದು ಯಾರಿಗೆ ಅಂತ ಬರೆದಿದ್ದಾಳೆ.