ಕೋಚ್ ಹೋದರೆ ಪ್ರಮೋಷನ್, ಹುಡುಗಿ ಹೋದರೆ ಮಾತಿಗೆ ತಪ್ಪಿದಳು

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತೆಂದರೆ ನಮ್ಮ ಕಲಬುರಗಿಯಲ್ಲಿ ಎತ್ತರದ ಮಕ್ಕಳಿರುವ ಮನೆಗಳಿಗೆ ಪಿಯು ಕಾಲೇಜುಗಳ ಬಾಸ್ಕೆಟ್‌ಬಾಲ್ ಕೋಚುಗಳ ಫೋನ್ ಶುರು. ಕರಾವಳಿಯಿಂದ, ಬೆಂಗಳೂರಿನಿಂದ, ಒಮ್ಮೊಮ್ಮೆ ಹೈದರಾಬಾದಿನಿಂದಲೂ. ಹಾಸ್ಟೆಲ್ ಫ್ರೀ, ಮೆಸ್ ಫ್ರೀ, ಫೀಸಿಲ್ಲ, ಶೂ ನಾವೇ ಕೊಡ್ತೀವಿ. ಪಿ.ಇ. ಟೀಚರ್ ಆಗಿರುವ ನನಗೆ ಈ ಫೋನುಗಳ ಧಾಟಿ ಬಾಯಿಪಾಠವಾಗಿದೆ. ರಾಜ್ಯಮಟ್ಟದ ಟೂರ್ನಮೆಂಟಿನಲ್ಲಿ ಹುಡುಗಿ ನಾಲ್ಕು ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು) ಕಿತ್ತುಕೊಂಡದ್ದನ್ನು ನೋಡಿರುತ್ತಾರೆ. ಅವ್ವನ ಎತ್ತರ ಎಷ್ಟು ಅಂತಲೂ ಕೇಳುತ್ತಾರೆ, ಇನ್ನೂ ಬೆಳೀತಾಳೋ ಇಲ್ಲೋ ಅಂತ ಲೆಕ್ಕ ಹಾಕೋದಕ್ಕೆ. ಹುಡುಗಿಗೆ ಸೈನ್ಸ್ ಬೇಕೋ ಕಾಮರ್ಸ್ ಬೇಕೋ ಅಂತ ಕೇಳುವವರು ಅಪರೂಪ.

ಹೋದ ವರ್ಷ ನಮ್ಮ ತಂಡದಲ್ಲಿ ಸೆಂಟರ್ ಆಗಿ, ಅಂದರೆ ಬುಟ್ಟಿಯ ಹತ್ತಿರ ಆಡುವ ಹುಡುಗಿಗೆ ಇಂಥದ್ದೇ ಫೋನ್ ಬಂತು. ಅಪ್ಪ ದಾಲ್ ಮಿಲ್ಲಿನಲ್ಲಿ ಹಮಾಲಿ. "ಹ್ಞೂಂ ಅಂದೀನ್ರಿ ಮೇಡಮ್ಮರ, ಆ ಸರ್ ಭಾಳ ಛಲೋ ಮಾತಾಡಿದ್ರು" ಅಂದ. ಅಂದವನು ಮಗಳನ್ನು ಕರಕೊಂಡು ಹೋಗಿ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿ.ಸಿ. ಎಲ್ಲಾ ಒಪ್ಪಿಸಿಯೂ ಬಂದ. ಕಾಲೇಜು ಶುರುವಾಗಿ ತಿಂಗಳಾಗಿರಲಿಲ್ಲ, ಆ ಛಲೋ ಮಾತಿನ ಸರ್ ಬೇರೆ ಕಾಲೇಜಿಗೆ ಹೋದರು. ಹುಡುಗಿಗೆ ಅದು ಗೊತ್ತಾದದ್ದು ಅವರ ವಾಟ್ಸ್ಆ್ಯಪ್ ಸ್ಟೇಟಸ್ಸಿನಿಂದ. ಹೊಸ ಕಾಲೇಜಿನ ಟ್ರ್ಯಾಕ್‌ಸೂಟ್ ಹಾಕಿಕೊಂಡು ನಗುತ್ತಾ ನಿಂತ ಫೋಟೋ. ಬಂದ ಹೊಸ ಕೋಚಿಗೆ ಈಕೆ ಯಾರೆಂದೇ ಗೊತ್ತಿಲ್ಲ, ಬೆಂಚಿನ ಕೊನೆಗೆ ಕೂರಿಸಿದರು. ಅಷ್ಟರಲ್ಲಿ ಬೆಂಗಳೂರಿನ ಒಂದು ಹಾಸ್ಟೆಲ್ಲಿನಲ್ಲಿ ಜಾಗ ಸಿಕ್ಕಿತು. "ನಾ ಅಲ್ಲಿಗೆ ಹೋಗ್ತೀನ್ರಿ ಮಿಸ್" ಅಂದಳು.

ಸ್ಟಾಫ್ ರೂಮಿನಲ್ಲಿ ಶುರುವಾಯಿತು. ಈಗಿನ ಹುಡುಗ್ರಿಗೆ ನಿಯತ್ತಿಲ್ಲ, ಕೊಟ್ಟ ಮಾತಿಗೆ ಬೆಲೆ ಇಲ್ಲ, ಇಂಥವರಿಂದ ಮುಂದಿನ ಮಕ್ಕಳಿಗೂ ಯಾರೂ ಕರೆಯೋದಿಲ್ಲ. ಕೋಚ್ ವಿಷಯಕ್ಕೆ ಬಂದಾಗ ಮಾತ್ರ, "ಅವರಿಗೂ ಸಂಸಾರ ಐತಲ್ರಿ, ಪಗಾರ ಜಾಸ್ತಿ ಸಿಕ್ಕಿರಬೇಕು." ಹಮಾಲನ ಮಗಳಿಗೆ ಸಂಸಾರ ಇಲ್ಲೇನು?

ಇದೇ ಜಗಳ ಅಮೆರಿಕದಲ್ಲಿ ದೊಡ್ಡ ದುಡ್ಡಿನೊಂದಿಗೆ ನಡೆಯುತ್ತದೆ. ಮಾರ್ಚ್ ತಿಂಗಳಲ್ಲಿ ಅವರ ಕಾಲೇಜು ಪಂದ್ಯಗಳನ್ನು ನಸುಕಿನಲ್ಲಿ ಎದ್ದು ಮೊಬೈಲಿನಲ್ಲಿ ನೋಡುವ ಚಟ ನನಗಿದೆ, ಮನೆಯಲ್ಲಿ ಬೈಸಿಕೊಳ್ಳುತ್ತೇನೆ. ಅಲ್ಲಿ ಹೈಸ್ಕೂಲು ಹುಡುಗರು "ನಾನು ಆ ಯೂನಿವರ್ಸಿಟಿಗೆ" ಎಂದು ಘೋಷಿಸುತ್ತಾರೆ, ಟೇಬಲ್ ಮೇಲೆ ಟೋಪಿಗಳ ಸಾಲು, ಕ್ಯಾಮೆರಾ, ಅವ್ವನ ಕಣ್ಣೀರು. ಬಾಯಿಮಾತಿಗೆ ಕಾನೂನಿನ ಕಟ್ಟಿಲ್ಲ. ಮುಂದೆ ವೃತ್ತಿಪರ ಆಟಗಾರನಾದ ಲಮೆಲೊ ಬಾಲ್ 13ರ ವಯಸ್ಸಿನಲ್ಲೇ ಕ್ಯಾಲಿಫೋರ್ನಿಯಾದ ಯುಸಿಎಲ್ಎ ಯೂನಿವರ್ಸಿಟಿಗೆ ಹ್ಞೂಂ ಅಂದಿದ್ದ, ಕೊನೆಗೆ ಯಾವ ಕಾಲೇಜಿಗೂ ಆಡಲಿಲ್ಲ. ಕಟ್ಟಿಹಾಕುತ್ತಿದ್ದದ್ದು ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಕಾಗದ, 1964ರಿಂದ ಇದ್ದದ್ದು. ಸಹಿ ಹಾಕಿ ಬೇರೆ ಕಡೆ ಹೋದರೆ ಒಂದು ವರ್ಷ ಆಡದೆ ಕೂರಬೇಕಿತ್ತು. ಅದರ ಒಳಗಿನ ಗಮ್ಮತ್ತೆಂದರೆ, ಹುಡುಗ ಸಹಿ ಹಾಕುವುದು ಯೂನಿವರ್ಸಿಟಿಗೆ, ಕೋಚಿಗಲ್ಲ. ಮನೆಗೆ ಬಂದು ಊಟ ಮಾಡಿ ಮನಸ್ಸು ಗೆದ್ದವನು ಕೋಚ್. ಅವನು ಬಿಟ್ಟು ಹೋದರೂ ಕಾಗದ ಹಾಗೇ ಉಳಿಯುತ್ತಿತ್ತು. ಆ ಪದ್ಧತಿಯನ್ನು 2024ರ ಅಕ್ಟೋಬರಿನಲ್ಲಿ ತೆಗೆದುಹಾಕಿದರು.

ಅದೇ ವರ್ಷ ಏಪ್ರಿಲ್‌ನಲ್ಲಿ ಹೆಸರುವಾಸಿ ಕೋಚ್ ಜಾನ್ ಕ್ಯಾಲಿಪಾರಿ ಹದಿನೈದು ಸೀಸನ್ ಕಳೆದ ಕೆಂಟಕಿ ಯೂನಿವರ್ಸಿಟಿ ಬಿಟ್ಟು ಅರ್ಕಾನ್ಸಾಗೆ ನಡೆದ. ಕೆಂಟಕಿಗೆ ಬರುತ್ತೇವೆ ಅಂದಿದ್ದ ಬೂಗಿ ಫ್ಲ್ಯಾಂಡ್, ಕಾರ್ಟರ್ ನಾಕ್ಸ್, ಬಿಲ್ಲಿ ರಿಚ್ಮಂಡ್ ಅವನ ಹಿಂದೆಯೇ ಹೋದರು. ಫ್ಲ್ಯಾಂಡ್ ಮರುವರ್ಷ ಅಲ್ಲಿಂದಲೂ ಎದ್ದು ಫ್ಲಾರಿಡಾ ಸೇರಿದ. ಅವನನ್ನು ಚಂಚಲ ಅನ್ನುವವರಿಗೆ ನನ್ನದೊಂದು ಪ್ರಶ್ನೆ: ಮೊದಲು ಎದ್ದವರು ಯಾರು?

2018ರ ತನಕ ಅಲ್ಲಿನ ಆಟಗಾರ ಇನ್ನೊಂದು ಕಾಲೇಜಿನ ಕೋಚ್ ಜೊತೆ ಮಾತಾಡಲೂ ಈಗಿರುವ ಕಾಲೇಜಿನ ಅಪ್ಪಣೆ ಕೇಳಬೇಕಿತ್ತು. ಆ ಅಕ್ಟೋಬರಿನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಕಾಲೇಜು ಬದಲಿಸಬೇಕೆನ್ನುವ ಆಟಗಾರರ ಹೆಸರಿನ ಆನ್‌ಲೈನ್ ಪಟ್ಟಿ. ಹೆಸರು ಹಾಕಿ ಎಂದು ಹುಡುಗ ಹೇಳಿದರೆ ಎರಡು ಕೆಲಸದ ದಿನಗಳೊಳಗೆ ಕಾಲೇಜು ಹಾಕಲೇಬೇಕು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಜಾಹೀರಾತು ಇತ್ಯಾದಿಗೆ ಬಳಸಿ ದುಡ್ಡು ಗಳಿಸಬಹುದು. 2025ರ ಜೂನಿನಲ್ಲಿ ಕೋರ್ಟು ಒಪ್ಪಿದ ರಾಜಿಯಂತೆ ಕಾಲೇಜುಗಳೇ ಆಟಗಾರರಿಗೆ ದುಡ್ಡು ಹಂಚಬಹುದು; ಮೊದಲ ವರ್ಷ, 2025-26ರಲ್ಲಿ, ಎಲ್ಲಾ ಕ್ರೀಡೆಗಳ ಆಟಗಾರರಿಗೆ ಸೇರಿ ಮಿತಿ 20.5 ಮಿಲಿಯನ್ ಡಾಲರ್ ಇತ್ತು. ಮಾತು ಬದಲಾಗುವುದಕ್ಕೆ ಈಗ ದುಡ್ಡೂ ಕಾರಣ, ಅದನ್ನು ಮುಚ್ಚಿಡುವುದೇನಿದೆ.

ನಮ್ಮಲ್ಲಿ ಕಟ್ಟಿಹಾಕೋದು ಟಿ.ಸಿ. ಹುಡುಗಿಯ ಅಪ್ಪನ ಜೊತೆ ನಾನೂ ಬಸ್ ಹತ್ತಿದೆ. ಆಫೀಸಿನ ಕಿಟಕಿಯಲ್ಲಿ ಗುಮಾಸ್ತ ಫೈಲು ತೆಗೆದ. ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ 'ಸ್ಪೋರ್ಟ್ಸ್ – ಫ್ರೀ' ಅಂತ ದಪ್ಪಗೆ ಬರೆದಿತ್ತು. ಅದೇ ಫೈಲಿನ ಮೇಲೆ ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು ಎರಡು ವರ್ಷದ ಟ್ಯೂಷನ್ ಫೀಸು, ಹಾಸ್ಟೆಲ್, ಮೆಸ್ ಎಲ್ಲಾ ಕೂಡಿಸಿ ನಮ್ಮ ಕಡೆ ತಿರುಗಿಸಿದ. "ಇದನ್ನು ಕಟ್ಟಿ, ಈಗಲೇ ಕೊಡ್ತೇನೆ." ಅಪ್ಪ ಆ ಅಂಕಿಯನ್ನು ಬೆರಳಿಟ್ಟು ಒಂದೊಂದಾಗಿ ಓದಿದ. ಆಮೇಲೆ ನನ್ನ ಕಡೆ ನೋಡಿ, "ಫ್ರೀ ಅಂತ ಬರದಾರಲ್ರಿ ಮೇಡಮ್ಮರ?" ಅಂದ. ಗುಮಾಸ್ತನಿಗೂ ಕೇಳಿಸಿತು, ಅವನು ಫೈಲನ್ನು ಮಗುಚಿ ಇಟ್ಟ.

ಡಿಗ್ರಿ ಕಾಲೇಜಾಗಿದ್ದರೆ ಯುಜಿಸಿಯ ಮಾತಾದರೂ ಇತ್ತು, ಒರಿಜಿನಲ್ ಇಟ್ಟುಕೊಳ್ಳಬಾರದು ಅಂತ 2018ರಲ್ಲೇ ಹೇಳಿದೆ. ಪಿಯುಗೆ ಅದು ಲಾಗೂ ಆಗೋದಿಲ್ಲ. ಪಿಯು ಇಲಾಖೆಯ ಜಿಲ್ಲಾ ಕಚೇರಿಯಾದ ಡಿಡಿಪಿಯು ಆಫೀಸಿಗೆ ಅರ್ಜಿ ಬರೀತೀವಿ ಅಂತ ಅಲ್ಲೇ ಬೆಂಚಿನ ಮೇಲೆ ಕೂತು ಪೆನ್ನು ತೆಗೆದ ಮೇಲೆ ಮೊತ್ತ ಇಳಿಯುತ್ತಾ ಬಂತು. ಸಂಜೆ ಹೊತ್ತಿಗೆ ಒಂದು ತಿಂಗಳ ಮೆಸ್ ಬಿಲ್ಲಿಗೆ ನಿಂತಿತು. ಅದನ್ನು ಅಪ್ಪ ಮಿಲ್ಲಿನ ಸೇಠನಿಂದ ತಂದಿದ್ದ ಅಡ್ವಾನ್ಸಿನಲ್ಲಿ ಕಟ್ಟಿದ.

ಹಾಗಂತ ಮಕ್ಕಳೆಲ್ಲಾ ಸಾಚಾ ಅಂತಲ್ಲ. ಇನ್ನೊಬ್ಬ ಹುಡುಗ ಮೂರು ಕಾಲೇಜಿಗೆ ಹ್ಞೂಂ ಅಂದು, ಒಂದು ಕಡೆ ಶೂ, ಇನ್ನೊಂದು ಕಡೆ ಟ್ರ್ಯಾಕ್‌ಸೂಟ್ ಇಸಗೊಂಡು ಮೂರನೇ ಕಡೆ ಅಡ್ಮಿಷನ್ ಮಾಡಿಸಿದ. ಅದು ಮೋಸವೇ, ಅವನಿಗೆ ಶೂ ವಾಪಸ್ ಕೊಡಿಸಿದೆ. ಅಮೆರಿಕದ ದೊಡ್ಡ ಕಾಲೇಜುಗಳ ಪುರುಷರ ತಂಡಕ್ಕೆ ಬಹುಕಾಲ 13 ಸ್ಕಾಲರ್‌ಶಿಪ್ ಅಷ್ಟೇ ಇದ್ದವು. ಒಬ್ಬ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ, ಜಾಗ ಇಲ್ಲ ಅಂತ ಮೊದಲೇ ವಾಪಸ್ ಕಳಿಸಿದ್ದ ಇನ್ಯಾವನೋ ಹುಡುಗ ಅಷ್ಟರಲ್ಲಿ ಬೇರೆ ದಾರಿ ಹಿಡಿದಿರುತ್ತಾನೆ. ನಮ್ಮ ಹಾಸ್ಟೆಲ್ ಮಂಚಗಳ ಲೆಕ್ಕವೂ ಅದೇ. ಹೋಗೋದಿದ್ದರೆ ಬೇಗ ಹೇಳ್ರೋ ಅಂತ ಮಕ್ಕಳಿಗೆ ಹೇಳುತ್ತೇನೆ.

ಅಪ್ಪಂದಿರಿಗೆ ಹೇಳೋದು ಬೇರೆ. ಝೆರಾಕ್ಸ್ ಕೊಡ್ರಿ. ಒರಿಜಿನಲ್ ಕೊಡಲೇಬೇಕಾದರೆ ರಶೀದಿ ತಗೊಳ್ರಿ. ಫ್ರೀ ಅಂದದ್ದನ್ನು ಕಾಲೇಜಿನ ಲೆಟರ್‌ಹೆಡ್ಡಿನ ಮೇಲೆ ಬರೆಸ್ರಿ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನೋದೂ ಅದರಲ್ಲೇ ಇರಲಿ.

ಈ ಸಲ ಆಳಂದ ಕಡೆಯ ಹುಡುಗನೊಬ್ಬನ ಅಪ್ಪ ಫೋನ್ ಬಂದಾಗಲೇ ಓಡಿ ಬಂದು ಮೊಬೈಲ್ ನನ್ನ ಕೈಗಿಟ್ಟ. ಆ ಕಡೆಯ ಕೋಚಿಗೆ ನಾನು ಶೂ, ಮೆಸ್ ಏನೂ ಕೇಳಲಿಲ್ಲ. "ಸರ್, ಮುಂದಿನ ವರ್ಷ ನೀವು ಅಲ್ಲೇ ಇರ್ತೀರಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ನಾನು ಕಾಂಟ್ರ್ಯಾಕ್ಟ್ ಮೇಲಿದೀನಿ, ಮಾರ್ಚಿಗೆ ಮುಗಿಯುತ್ತೆ. ಆಮೇಲಿನದ್ದು ನನ್ನ ಕೈಯಲ್ಲಿಲ್ಲ" ಅಂದರು. ಇಷ್ಟು ವರ್ಷದಲ್ಲಿ ಇಂಥ ಉತ್ತರ ಕೊಟ್ಟವರು ಅವರೊಬ್ಬರೇ. ಹುಡುಗನನ್ನು ಅಲ್ಲಿಗೇ ಕಳಿಸಿದ್ದೇವೆ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಅವರ ಮನೆಯ ಟ್ರಂಕಿನಲ್ಲೇ ಇದೆ.