ಮಗ ಬರೋತನಕ ಇಡಾಕ ಬರ್ತೈತೇನ್ರಿ?

ಗುರುತಿನವರ ಮನೆಯಲ್ಲಿ ಸಾವಾದರೆ ಫೋನಿನಲ್ಲಿ ಬರುವ ಮೊದಲ ಪ್ರಶ್ನೆ ಇದೇ: "ಮಗ ದುಬೈದಾಗ ಅದಾನ್ರಿ, ಅವ ಬರೋತನಕ ಇಡಾಕ ಬರ್ತೈತೇನು?" ಶವ ಇಡಲು ಬರುತ್ತದೆ. ಆದರೆ ಕೇಳುವ ಧಾಟಿ ಮಾತ್ರ ಹಾಲಿನ ಪಾಕೀಟು ಸಂಜೆತನಕ ತಡೀತದೋ ಇಲ್ಲೋ ಎಂದಂತಿರುತ್ತದೆ. ಪುಣೆಯಲ್ಲಿರುವ ಮಗಳ ಸಲುವಾಗಿ ಹೀಗೆ ಕೇಳುವವರು ಕಡಿಮೆ. ಅದು ಬೇರೆ ಜಗಳ.

ಹೇಳಿ ಹೇಳಿ ಬಾಯಿ ನೋವಾಗಿದೆ, ಒಮ್ಮೆ ಬರೆದು ಮುಗಿಸುತ್ತೇನೆ.

ರಾಯಚೂರಿನ ಬೇಸಿಗೆಯಲ್ಲಿ, 40 ಡಿಗ್ರಿ ದಾಟಿದ ದಿನ, ಶವ ತಂಪಾಗಿಡುವ ಫ್ರೀಜರ್ ಪೆಟ್ಟಿಗೆಯಿಲ್ಲದೆ ಅರ್ಧ ದಿನವೂ ಹೆಚ್ಚಾಯಿತು. ಪೆಟ್ಟಿಗೆಯಿದ್ದರೆ ಒಂದು ದಿನ ಚಿಂತೆಯಿಲ್ಲ. ಪೆಟ್ಟಿಗೆ ಬಂದ ಕೂಡಲೇ ಚಾಲೂ ಮಾಡಿ, ಒಳಗೆ ತಂಪಾದ ಮೇಲೆ ಮಲಗಿಸಿ. ನೆರಳಿನಲ್ಲಿಡಿ, ಮೋಟರಿನ ಬದಿ ಗೋಡೆಗೆ ಒತ್ತಬೇಡಿ. ಬಿಸಿಗಾಳಿ ಹೊರಗೆ ಹೋಗದಿದ್ದರೆ ತಂಪು ನಿಲ್ಲುವುದಿಲ್ಲ. ಕೆಡುವುದು ಹೆಚ್ಚಾಗಿ ಪೆಟ್ಟಿಗೆಯಲ್ಲ, ಸಡಿಲ ಪ್ಲಗ್ಗು, ತೆಳ್ಳನೆ ವೈರು. ಕರೆಂಟು ಹೋದರೆ ಮುಚ್ಚಳ ಮುಟ್ಟಬೇಡಿ. ಬಂದ ಬೀಗರಿಗೆಲ್ಲ ತೆಗೆದು ತೋರಿಸುತ್ತ ಹೋದರೆ ತಂಪೂ ಹೋಗುತ್ತದೆ, ಗಾಜಿನ ಮೇಲೆ ಮಂಜೂ ಕೂಡುತ್ತದೆ.

ಲಿಂಗಾಯತರ ಮನೆಯಾದರೆ ಇದಕ್ಕಿಂತ ದೊಡ್ಡ ತೊಡಕಿದೆ. ಅಲ್ಲಿ ಕೂಡಿಸಿ ಮಣ್ಣು ಮಾಡುವುದು ರೂಢಿ, ಆದರೆ ಪೆಟ್ಟಿಗೆಯಲ್ಲಿ ಮಲಗಿಸಲೇಬೇಕು. ಸತ್ತ ಎರಡು ಮೂರು ತಾಸಿಗೆ ದವಡೆ ಬಿಗಿಯತೊಡಗುತ್ತದೆ, ಹನ್ನೆರಡು ತಾಸಿನೊಳಗೆ ಮೈಯೆಲ್ಲ ಬಿಗಿದಿರುತ್ತದೆ. ಬಿಸಿಲಿಗೆ ಇನ್ನೂ ಬೇಗ. ತಂಪಿನಲ್ಲಿಟ್ಟ ಮೈಯ ಬಿಗುವು ಲಗೂನ ಬಿಡುವುದೂ ಇಲ್ಲ. ಮರುದಿನ ಹೊರತೆಗೆದು ಕೂಡಿಸಹೋದರೆ ಮೊಣಕಾಲು ಬಲವಂತವಾಗಿ ಮಡಚಬೇಕು. ಅಷ್ಟು ದೂರದಿಂದ ಬಂದ ಮಗ ಅದನ್ನು ನೋಡಬೇಕೇ? ಕೂಡಿಸುವುದೋ ಮಲಗಿಸಿಯೇ ಮಾಡುವುದೋ ಎಂಬುದನ್ನು ಮೊದಲ ತಾಸಿನಲ್ಲೇ ಹಿರಿಯರು, ಅಯ್ಯನವರು ಕೂತು ತೀರ್ಮಾನಿಸಲಿ.

ದಾರಿಯ ಲೆಕ್ಕ ಬೇಗ ಹೇಳುತ್ತೇನೆ. ರಾಯಚೂರಿಗೆ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣ ಹತ್ತಿರ, ರಸ್ತೆಯಲ್ಲಿ ಸುಮಾರು 200 ಕಿ.ಮೀ. ಅಭ್ಯಾಸಬಲದಿಂದ ಬೆಂಗಳೂರಿಗೆ ಇಳಿದರೆ ಅದರ ಎರಡು ಪಟ್ಟು. ಕೊಪ್ಪಳಕ್ಕೆ ಹುಬ್ಬಳ್ಳಿ. ಮುಂಬಯಿಯಿಂದ ರಾಯಚೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ತತ್ಕಾಲ್ ಹಿಂದಿನ ದಿನವೇ ತೆರೆದುಬಿಡುತ್ತದೆ, ಇವತ್ತಿನ ಸಾವಿಗೆ ಅದನ್ನು ನೆಚ್ಚಬೇಡಿ. ತಾನೇ ಕಾರು ಹೊಡಕೊಂಡು ಬರುತ್ತೇನೆಂದರೆ ಬೇಡವೆನ್ನಿ. ಚಿತ್ರದುರ್ಗ ದಾಟಿ ಹೊಸಪೇಟೆ ಕಡೆಗಿನ ರಸ್ತೆಯಲ್ಲಿ ನಸುಕಿನ ಮೂರು ಗಂಟೆಗೆ ನಿದ್ದೆಗೆಟ್ಟು ಅತ್ತ ಕಣ್ಣು ಏನು ನೋಡೀತು?

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಅವನಿಗೆ ಹೇಳುವುದು ಹೆಂಗ? ನಮ್ಮ ಕಡೆ ಯಾರೂ ಹೇಳುವುದೇ ಇಲ್ಲ. "ಅಪ್ಪಗ ಸ್ವಲ್ಪ ಆರಾಮಿಲ್ಲ, ಲಗೂನ ಬಾ" ಅನ್ನುತ್ತಾರೆ. ಅವನು ದಾರಿಯುದ್ದಕ್ಕೂ ಯಾವ ಆಸ್ಪತ್ರೆ, ಯಾವ ಡಾಕ್ಟರು ಎಂದು ಫೋನ್ ಮಾಡುತ್ತಲೇ ಇರುತ್ತಾನೆ, ಇಲ್ಲಿಯವರು ಸುಳ್ಳಿಗೆ ಸುಳ್ಳು ಹೊಸೆಯುತ್ತಾರೆ. ಅಷ್ಟರಲ್ಲಿ ಸೋದರಳಿಯನೊಬ್ಬ ಹಾರ ಹಾಕಿದ ಫೋಟೋಕ್ಕೆ "ಭಾವಪೂರ್ಣ ಶ್ರದ್ಧಾಂಜಲಿ" ಬರೆದು ವಾಟ್ಸಾಪ್ ಸ್ಟೇಟಸ್ ಇಟ್ಟಿರುತ್ತಾನೆ. ಮಗನಿಗೆ ಗೊತ್ತಾಗುವುದು ಹಾಗೆ, ಗುರುತಿಲ್ಲದವರ ನಡುವೆ, ರೈಲಿನ ಮೇಲಿನ ಬರ್ತಿನಲ್ಲಿ.

ಮೊದಲು ಅವನ ರೂಮಿನ ಗೆಳೆಯನಿಗೆ ಫೋನ್ ಮಾಡಿ ಪಕ್ಕದಲ್ಲಿ ಕೂರಿಸಿ. ಆಮೇಲೆ ಅವನಿಗೆ: "ಅಪ್ಪ ಮುಂಜಾನೆ ಆರಕ್ಕ ತೀರಿಕೊಂಡ. ನಾಳೆ ಹನ್ನೊಂದಕ್ಕ ಮಣ್ಣು. ಆಗಲಿಲ್ಲಂದ್ರ ನಾವು ಮಾಡ್ತೀವಿ, ನಿನ್ನ ಮ್ಯಾಲೆ ಯಾರದೂ ಮಾತಿಲ್ಲ." ಅವನು ಅತ್ತರೆ ಫೋನ್ ಇಡಬೇಡಿ, ನಡುವೆ ಸಮಾಧಾನವನ್ನೂ ತುರುಕಬೇಡಿ. ಬರಲಾಗದಿದ್ದರೆ ಒಬ್ಬರೇ ಒಬ್ಬರು ಫೋನ್ ಹಿಡಿದು ವಿಡಿಯೋದಲ್ಲಿ ತೋರಿಸಲಿ, ಮೊದಲು ಗಾಜು ಒರೆಸಿ. "ಮಾತಾಡು, ಅಪ್ಪಗ ಏನರೆ ಹೇಳು" ಎಂದು ಒತ್ತಾಯಿಸಬೇಡಿ. ಮೂರನೇ ದಿನಕ್ಕಾದರೂ ಬಂದು ಮುಟ್ಟಿದರೆ, ಮಣ್ಣು ಮಾಡಿದ ಜಾಗಕ್ಕೆ ಎಡೆ ಒಯ್ಯುವಾಗ ಬುಟ್ಟಿ ಅವನ ಕೈಗೆ ಕೊಡಿ.